ಟಕ್ ಟಕ್ ಓಮ್ನಿ ಮತ್ತು ಬೋರ್ಡಿಲ್ಲದ ಗ್ಯಾರೇಜು

ಮೊದಲೇ ಹೇಳಿಬಿಡುತ್ತೇನೆ, ನಾನು ಇಲ್ಲಿ ಬರೆಯುತ್ತಿರುವ ಗ್ಯಾರೇಜಿಗೆ ಬೋರ್ಡ್ ಇಲ್ಲ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಒಳಗೆ ಎರಡು ಗಾಡಿ ನಿಲ್ಲುವಷ್ಟು ಜಾಗ, ಮೇಲೊಂದು ತಗಡಿನ ಶೀಟು, ಗೋಡೆಗೆ ಹೋದ ವರ್ಷದ ಕ್ಯಾಲೆಂಡರು. ಬೋರ್ಡ್ ಎಲ್ಲಿ ಅಂತ ಕೇಳಿದ್ದಕ್ಕೆ "ಗಾಳಿಗೆ ಬಿತ್ತು ಸಾರ್, ಮತ್ತೆ ಹಾಕ್ಲಿಲ್ಲ" ಅಂದರು ಮೇಸ್ತ್ರಿ. ಹೆಸರು, ನಂಬರು ಎಲ್ಲೂ ಹಾಕಬೇಡಿ, ಇರೋ ಕೆಲಸಾನೇ ಮುಗೀತಿಲ್ಲ ಅಂತಲೂ ಅಂದರು. ಹಾಗಾಗಿ ಹಾಕುವುದಿಲ್ಲ. ಆದರೆ ಕೆಲಸ ಹೇಗಿತ್ತು ಅಂತ ಬರೆಯದೆ ಇರಲು ಮನಸ್ಸಾಗಲಿಲ್ಲ. ಯಾಕೆಂದರೆ ಇವರ ಹತ್ತಿರ ಹೋಗುವ ಮೊದಲು ಇಂಜಿನ್ ಪೂರ್ತಿ ಬಿಚ್ಚಿಸಿ 32,000 ಕೊಡಲು ನಾನು ಮಾನಸಿಕವಾಗಿ ತಯಾರಾಗಿಬಿಟ್ಟಿದ್ದೆ.

ನನ್ನದು 2010ರ ಮಾರುತಿ ಓಮ್ನಿ. ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ಹಾಳೆ ತಟ್ಟೆ ಘಟಕ ಇದೆ. ತಟ್ಟೆ ಹೊರಲು ಈ ಗಾಡಿಗಿಂತ ಒಳ್ಳೆಯದು ನನಗಿನ್ನೂ ಸಿಕ್ಕಿಲ್ಲ. ತಟ್ಟೆ ತೂಕ ಕಡಿಮೆ, ಜಾಗ ಜಾಸ್ತಿ ಕೇಳುತ್ತದೆ. ಹಿಂದಿನ ಸೀಟು ತೆಗೆದರೆ ಒಂದು ಸಣ್ಣ ಕೋಣೆಯೇ ಸಿಕ್ಕಂತೆ. ಹೋದ ವರ್ಷ 15 ವರ್ಷ ತುಂಬಿ, ಆರ್‌ಸಿ ಐದು ವರ್ಷಕ್ಕೆ ನವೀಕರಣವೂ ಆಯಿತು. ಮಾರಿ ಇಕೋ ತಗೊಳ್ಳಿ ಅಂತ ಹೇಳುವವರು ತುಂಬಾ ಜನ ಇದ್ದಾರೆ, ತಗೊಳ್ಳಲು ದುಡ್ಡು ಕೊಡುವವರು ಒಬ್ಬರೂ ಇಲ್ಲ.

ಓಮ್ನಿ ಓಡಿಸದವರಿಗೆ ಒಂದು ವಿಷಯ ಗೊತ್ತಿರಬೇಕು. ಇದರ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಅಂದರೆ ನಾವು ಇಂಜಿನ್ ಮೇಲೇ ಕೂತಿರುತ್ತೇವೆ. ಮಾರುತಿ 800 ಕಾರಿನದ್ದೇ 796 ಸಿಸಿ, ಮೂರು ಸಿಲಿಂಡರ್ ಇಂಜಿನ್ನು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದಾಗಿನಿಂದ 2019ರಲ್ಲಿ ನಿಲ್ಲಿಸುವವರೆಗೆ ಆ ಸೀಟಿನ ಕೆಳಗಿನ ಜಾಗ ಮಾತ್ರ ಬದಲಾಗಲಿಲ್ಲ. ಬೇರೆ ಕಾರಿನಲ್ಲಿ ಬಾನೆಟ್ ಆಚೆ ಕೇಳಿಸುವ ಸದ್ದು ಇದರಲ್ಲಿ ಕುಂಡೆ ಕೆಳಗೇ ಕೇಳಿಸುತ್ತದೆ. ಬೇಸಿಗೆಯಲ್ಲಿ ಬಿಸಿ ಬೇರೆ. ಹಾಗಾಗಿ ಸಣ್ಣ ಸದ್ದು ಬಂದರೂ ಓಮ್ನಿ ಓಡಿಸುವವನಿಗೆ ನಿದ್ದೆ ಬರುವುದಿಲ್ಲ.

ಸದ್ದು ಶುರುವಾಗಿದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಕ್ ಟಕ್ ಟಕ್ ಟಕ್. ಹೊಲಿಗೆ ಮೆಷಿನ್ ಥರ. ಮಂಡಗದ್ದೆ ತಲುಪುವ ಹೊತ್ತಿಗೆ ಮುಕ್ಕಾಲು ಪಾಲು ಮಾಯ. ಬಿಸಿಯಾದ ಮೇಲೆ ಸರಿಯಾಗುತ್ತದಲ್ಲ, ಬಿಡು ಅಂತ ಒಂದು ತಿಂಗಳು ದೂಡಿದೆ. ಆಮೇಲೆ ಒಂದು ದಿನ ಹೆಬ್ರಿ ಕಡೆ ಕೇಟರಿಂಗ್‌ನವರಿಗೆ ತಟ್ಟೆ ಕೊಟ್ಟು, ಬರುವಾಗ ತೆಂಗಿನಕಾಯಿ ಮೂಟೆ ಹಾಕಿಕೊಂಡು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿಸುತ್ತಿದ್ದೆ. ಹದಿನಾಲ್ಕು ತಿರುವು, ಸೆಕೆಂಡ್ ಗೇರು, ಕೆಲವು ಕಡೆ ಫಸ್ಟು. ಇಂಜಿನ್ ಚೆನ್ನಾಗಿ ಬಿಸಿಯಾಗಿತ್ತು. ಆದರೂ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಟಕ ಟಕ ಟಕ ಅಂತ ಗಾಡಿಯ ಒಳಗೆಲ್ಲ ತುಂಬುವ ಹಾಗೆ ಸದ್ದು. ಕಾಲು ತೆಗೆದರೆ ಇಲ್ಲ, ಒತ್ತಿದರೆ ಇದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ "ಇದು ಮನೆ ಮುಟ್ಟುತ್ತಾ?" ಅಂದಳು. ಮುಟ್ಟಿತು. ಆದರೆ ಆ ರಾತ್ರಿ ಮಲಗಿದರೂ ಕಿವಿಯಲ್ಲಿ ಅದೇ ಟಕ ಟಕ.

ಮೊದಲು ಹೋಗಿದ್ದು ನನಗೆ ತುಂಬಾ ವರ್ಷದಿಂದ ಗೊತ್ತಿರುವ ಒಂದು ಗ್ಯಾರೇಜಿಗೆ. ಹೆಸರು ಬೇಡ. ಅವರು ಕೆಟ್ಟವರಲ್ಲ, ಅವಸರದವರು ಅಷ್ಟೇ. ಸೀಟು ಎತ್ತಿ, ಇಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರ್ ಒಂದೊಂದಾಗಿ ಕಿತ್ತು ನೋಡಿದರು. ಮೊದಲನೇದು ಕಿತ್ತರು, ಇಂಜಿನ್ ಗಡಗಡ ಅಂತ ನಡುಗಿತು, ಸದ್ದು ಹಾಗೇ ಇತ್ತು. ಎರಡನೇದೂ ಹಾಗೇ. ಮೂರನೇದು ಕಿತ್ತಾಗ ಟಕ್ ಟಕ್ ಅರ್ಧಕ್ಕರ್ಧ ಕಡಿಮೆಯಾಯಿತು. ಅಷ್ಟೇ, ತೀರ್ಪು ಬಂತು. "ಮೂರನೇ ಸಿಲಿಂಡರ್ ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆ. ಇಂಜಿನ್ ಇಳಿಸ್ಬೇಕು. ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗು, ಬಿಚ್ಚಿದ ಮೇಲೆ ಪಿಸ್ಟನ್ ರಿಂಗೂ ಹಾಕ್ಬಿಡೋಣ. 32,000 ಆಗತ್ತೆ."

ಈ ಪರೀಕ್ಷೆ ತಪ್ಪಲ್ಲ. ಆಮೇಲೆ ನನಗೆ ಗೊತ್ತಾಯಿತು, ಎಲ್ಲಾ ಮೇಸ್ತ್ರಿಗಳೂ ಇದನ್ನೇ ಮಾಡುತ್ತಾರೆ. ಒಂದು ಸಿಲಿಂಡರಿಗೆ ಕಿಡಿ ನಿಲ್ಲಿಸಿದರೆ ಅಲ್ಲಿ ಸ್ಫೋಟ ಆಗುವುದಿಲ್ಲ, ಪಿಸ್ಟನ್ ಮೇಲೆ ಒತ್ತಡ ಬೀಳುವುದಿಲ್ಲ, ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಸೇರುವಲ್ಲಿನ ಸವೆದ ಬೇರಿಂಗ್ ಬಡಿಯುವುದೂ ಕಡಿಮೆಯಾಗುತ್ತದೆ. ಸರಿಯೇ. ಆದರೆ ಕಿಡಿ ನಿಂತರೆ ಬೇರೆ ಇನ್ನೇನು ಕಡಿಮೆಯಾಗುತ್ತದೆ ಅಂತ ಅವರು ಯೋಚಿಸಲಿಲ್ಲ. ನಾನೂ ಯೋಚಿಸಲಿಲ್ಲ ಬಿಡಿ, ನನಗೆ ತಲೆಯಲ್ಲಿ 32,000 ಮಾತ್ರ ತಿರುಗುತ್ತಿತ್ತು.

ನಡುವೆ ಇನ್ನೊಬ್ಬರು ಸಿಕ್ಕಿದರು. ಹಳೇ ಇಂಜಿನ್ನು, ದಪ್ಪ ಆಯಿಲ್ ಹಾಕಿ, ಜೊತೆಗೆ ಈ ಡಬ್ಬಿ ಸುರಿಯಿರಿ, ಸದ್ದು ನಿಲ್ಲುತ್ತದೆ ಅಂದರು. ಹಾಕಿದೆ. ಎರಡು ದಿನ ಸ್ವಲ್ಪ ಕಮ್ಮಿ ಆದ ಹಾಗೆ ಅನ್ನಿಸಿತು. ದುಡ್ಡು ಕೊಟ್ಟಿದ್ದಕ್ಕೆ ಹಾಗೆ ಅನ್ನಿಸಿತೋ ಏನೋ. ಮೂರನೇ ದಿನ ಬೆಳಿಗ್ಗೆ ಮತ್ತೆ ಹೊಲಿಗೆ ಮೆಷಿನ್.

ಆಟೋ ಕಾಂಪ್ಲೆಕ್ಸ್‌ಗೆ ಹೋಗಿದ್ದು ಆಕಸ್ಮಿಕ. ಹಾಳೆ ಒತ್ತುವ ಮೆಷಿನ್ನಿನ ಒಂದು ಭಾಗ ಲೇತ್‌ನಲ್ಲಿ ಮಾಡಿಸಲು ಹೋಗಿದ್ದೆ. ಗಾಡಿ ನಿಲ್ಲಿಸುವಾಗ ಸದ್ದು ಕೇಳಿದ ಲೇತ್‌ನವರೇ "ಅಲ್ಲಿ ಕೊನೇಲಿ ಒಬ್ರು ಇದಾರೆ, ಓಮ್ನಿ ಅಂದ್ರೆ ಅವ್ರೇ, ಒಂದ್ಸಲ ತೋರ್ಸಿ" ಅಂದರು. ಹೋದೆ. ಐವತ್ತೈದು ದಾಟಿದ ಮನುಷ್ಯ, ಕನ್ನಡಕ ಹಣೆ ಮೇಲೆ, ಒಂದು ಆಂಬುಲೆನ್ಸ್ ಓಮ್ನಿಯ ಕೆಳಗಿಂದ ಹೊರಗೆ ಬಂದರು. ಗಾಡಿ ಮುಟ್ಟಲೇ ಇಲ್ಲ. ಕೈ ಒರೆಸಿಕೊಳ್ಳುತ್ತಾ ಪ್ರಶ್ನೆ ಕೇಳಲು ಶುರು ಮಾಡಿದರು.

"ಬೆಳಿಗ್ಗೆ ತಣ್ಣಗಿದ್ದಾಗ ಜಾಸ್ತಿಯಾ, ಬಿಸಿ ಆದ್ಮೇಲೆ ಜಾಸ್ತಿಯಾ?"

ತಣ್ಣಗಿದ್ದಾಗ ಅಂದೆ.

"ಏರು ಹತ್ತಿಸ್ವಾಗ?"

ಬಿಸಿ ಇದ್ದರೂ ಬರುತ್ತೆ ಅಂದೆ.

"ಆಯಿಲ್ ಲೈಟ್ ಯಾವತ್ತಾದ್ರೂ ಹತ್ತಿತ್ತಾ? ಆಯಿಲ್ ಕುಡೀತಿದ್ಯಾ?"

ಇಲ್ಲ.

"ಗಾಡಿ ಒಳಗೆ ಹೊಗೆ ವಾಸನೆ ಬರತ್ತಾ?"

ಇಲ್ಲಿ ನಾನು ತಡವರಿಸಿದೆ. ನನಗೆ ಬಂದಿಲ್ಲ. ಆದರೆ ಹೆಂಡತಿ ಎರಡು ಮೂರು ಸಲ ಹೇಳಿದ್ದಳು, ಈ ಗಾಡಿಯಲ್ಲಿ ಕೂತರೆ ನಂಗೆ ತಲೆ ನೋಯ್ತದೆ, ಎಂಥದೋ ಸುಟ್ಟ ವಾಸನೆ ಅಂತ. ನಾನು ಅದನ್ನು ಘಾಟಿ ತಿರುವಿನ ಲೆಕ್ಕಕ್ಕೆ ಹಾಕಿದ್ದೆ. ಇದನ್ನು ಹೇಳಿದಾಗ ಮೇಸ್ತ್ರಿ ಮೊದಲ ಸಲ ಗಾಡಿ ಕಡೆ ತಿರುಗಿ ನೋಡಿದರು. "ಬಾಗ್ಲು ತೆಗೆದಿಟ್ಕೊಂಡೇ ಓಡ್ಸಿ ಅಲ್ಲಿವರ್ಗೆ" ಅಂತ ನಕ್ಕರು, ಆಮೇಲೆ ನಗು ನಿಲ್ಲಿಸಿ "ತಮಾಷೆ ಅಲ್ಲ, ಕಿಟಕಿ ಇಳ್ಸಿರ್ಬೇಕು" ಅಂದರು.

ನನ್ನ ಅಷ್ಟು ದಿನದ ಪರದಾಟದಲ್ಲಿ ಯಾರೂ ಈ ಪ್ರಶ್ನೆಗಳನ್ನು ಕೇಳಿರಲಿಲ್ಲ. ಬೇರಿಂಗ್ ಸದ್ದಾದರೆ ಸಾಮಾನ್ಯವಾಗಿ ಬಿಸಿಯಾದಷ್ಟೂ ಜಾಸ್ತಿಯಾಗಬೇಕು, ಯಾಕೆಂದರೆ ಬಿಸಿಗೆ ಆಯಿಲ್ ತೆಳ್ಳಗಾಗುತ್ತದೆ, ಸಂದು ತುಂಬುವುದಿಲ್ಲ. ನನ್ನದು ಉಲ್ಟಾ. ಈ ಒಂದು ಮಾತು ಮೊದಲ ಗ್ಯಾರೇಜಿನಲ್ಲಿ ಕೇಳಿದ್ದರೆ ಸಾಕಿತ್ತು. ಅಲ್ಲಿ ನಾನು ಹೋದಾಗ ಗಾಡಿ ಅರವತ್ತು ಕಿಲೋಮೀಟರ್ ಓಡಿ ಬಿಸಿಯಾಗಿತ್ತು ಬೇರೆ.

ಅದಕ್ಕೇ ಈ ಮೇಸ್ತ್ರಿ ಅವತ್ತು ಕೆಲಸ ಶುರು ಮಾಡಲಿಲ್ಲ. "ಬಿಟ್ಟು ಹೋಗಿ. ನಾಳೆ ಬೆಳಿಗ್ಗೆ ಮೊದಲ್ನೇ ಸ್ಟಾರ್ಟು ನಾನೇ ಕೇಳ್ಬೇಕು." ನನಗೆ ಸಿಟ್ಟು ಬಂತು ನಿಜ. ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋಗಿ ಮಾರನೇ ದಿನ ಮತ್ತೆ ಮೊದಲ ಬಸ್ಸು ಹಿಡಿದು ಬರಬೇಕು. ನೀವು ಇರಲೇಬೇಕು ಅಂತಿಲ್ಲ ಅಂದರು. ನನಗೆ ನೋಡದೆ ಇರಲು ಆಗಲ್ಲ, ಬಂದೆ.

ಬೆಳಿಗ್ಗೆ ಎಂಟು ಗಂಟೆ. ಸೀಟು ಎತ್ತಿ, ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿದರು. ಟಕ್ ಟಕ್ ಟಕ್. ಮೇಸ್ತ್ರಿ ಉದ್ದದ ಸ್ಕ್ರೂ ಡ್ರೈವರ್ ತಗೊಂಡು ಅದರ ತುದಿಯನ್ನು ಟ್ಯಾಪೆಟ್ ಕವರ್, ಅಂದರೆ ಇಂಜಿನ್ ತಲೆಯ ಮುಚ್ಚಳದ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿದರು. ಇದನ್ನು ನಾನು ಮೊದಲೂ ನೋಡಿದ್ದೆ. ಎಲ್ಲಾ ಕಡೆ ಇಟ್ಟರು. ಮೇಲೆ, ಪಕ್ಕಕ್ಕೆ, ಕೆಳಗೆ ಬ್ಲಾಕಿಗೆ. ನನಗೂ ಕೊಟ್ಟು ಕೇಳಿ ಅಂದರು. ಮೇಲೆ ಇಟ್ಟಾಗ ಚಟ ಚಟ ಅಂತ ತೆಳ್ಳಗೆ, ಸ್ಪಷ್ಟವಾಗಿ. ಕೆಳಗೆ ಇಟ್ಟಾಗ ಬರೀ ಗುಂಯ್ ಅನ್ನುವ ಓಡಾಟ, ಬಡಿತವೇ ಇಲ್ಲ. "ಕೆಳಗೆ ಏನೂ ಇಲ್ಲ ಸಾರ್. ಇಂಜಿನ್ ಇಳ್ಸೋ ಮಾತು ಬಿಡಿ."

ಆಮೇಲೆ ಮಾಡಿದ್ದು ನಾನು ಎಲ್ಲೂ ನೋಡಿರಲಿಲ್ಲ. ಒಂದು ಮೀಟರ್ ಉದ್ದದ ರಬ್ಬರ್ ಪೈಪು ತಂದರು. ಹಳೇ ಹೀಟರ್ ಹೋಸ್ ಇರಬೇಕು. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಇಂಜಿನ್ ಸುತ್ತ ಏನನ್ನೂ ಮುಟ್ಟಿಸದೆ ನಿಧಾನಕ್ಕೆ ಆಡಿಸಿದರು. ಇಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಸೇರಿಸುವ ಮ್ಯಾನಿಫೋಲ್ಡ್ ಹತ್ತಿರ ಹಿಂದಿನ ಮೂಲೆಗೆ ಬಂದಾಗ ನಿಂತರು. ನನಗೆ ಕೊಟ್ಟರು. ಪೈಪಿನಲ್ಲಿ ಟಫ್ ಟಫ್ ಟಫ್ ಅಂತ ಯಾರೋ ಕಿವಿಗೆ ಊದಿದ ಹಾಗೆ. ಎರಡಿಂಚು ಆಚೆ ಸರಿಸಿದರೆ ಏನೂ ಇಲ್ಲ.

ಕಬ್ಬಿಣದಲ್ಲಿ ಹರಿಯುವ ಸದ್ದನ್ನು ಸ್ಕ್ರೂ ಡ್ರೈವರ್ ಹಿಡಿಯುತ್ತದೆ, ಗಾಳಿಯಲ್ಲಿ ಬರುವ ಸದ್ದನ್ನು ಪೈಪು ಹಿಡಿಯುತ್ತದೆ. ಇಷ್ಟೇ ಸೂತ್ರ. ಬರೀ ಸ್ಕ್ರೂ ಡ್ರೈವರ್ ಇಟ್ಟವರಿಗೆ ಗಾಳಿ ಸೋರುವುದು ಗೊತ್ತಾಗುವುದೇ ಇಲ್ಲ. ನನ್ನ ಗಾಡಿಯಲ್ಲಿ ಎರಡೂ ಇತ್ತು! ಒಂದರ ಮೇಲೊಂದು ಕೂತು ಒಂದೇ ಸದ್ದಿನ ಹಾಗೆ ಕೇಳುತ್ತಿತ್ತು.

ಖಾತ್ರಿಗೆ ಅಂತ ಇನ್ನೆರಡು ಮಾಡಿದರು. ಹುಡುಗನನ್ನು ಕರೆದು ಸೈಲೆನ್ಸರ್ ಬಾಯಿಗೆ ಒದ್ದೆ ಬಟ್ಟೆ ಒತ್ತಿಸಿದರು, ಒಂದೆರಡು ಸೆಕೆಂಡ್ ಅಷ್ಟೇ. ಹೊಗೆಗೆ ಹಿಂದೆ ದಾರಿ ಇಲ್ಲದೆ ಮುಂದೆ ಸೋರುವ ಜಾಗದಲ್ಲಿ ಜೋರಾಗಿ ನುಗ್ಗಿತು, ಟಕ್ ಟಕ್ ದುಪ್ಪಟ್ಟಾಯಿತು. ಆಮೇಲೆ ಮೂರನೇ ಪ್ಲಗ್ ವೈರಿಗೆ, ಕಿಡಿ ಹಾರಿದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟ್ ಸಿಕ್ಕಿಸಿದರು. ಲೈಟ್ ಮಿಂಚಿದಂತೆಲ್ಲ ಒಂದು ಟಕ್, ನೋಡಿ ಅಂದರು. ಇಂಜಿನ್ ಎರಡು ಸುತ್ತು ತಿರುಗಿದರೆ ಒಂದು ಪ್ಲಗ್‌ಗೆ ಒಂದು ಕಿಡಿ. ಬೇರಿಂಗ್ ಬಡಿತ ಆದರೆ ಸಾಮಾನ್ಯವಾಗಿ ಸುತ್ತಿಗೊಂದು, ಅಂದರೆ ಒಂದು ಮಿಂಚಿಗೆ ಎರಡು. ಆಕ್ಸಿಲರೇಟರ್ ತುಳಿಯದೆ ಸ್ಲೋನಲ್ಲಿ ಇಂಜಿನ್ ನಿಮಿಷಕ್ಕೆ 850 ಸುತ್ತು ಅಂದುಕೊಂಡರೆ ಸೆಕೆಂಡಿಗೆ ಏಳು ಮಿಂಚು. ನನ್ನ ಕಣ್ಣು ಕಿವಿ ಅಷ್ಟು ವೇಗಕ್ಕೆ ಓಡಲಿಲ್ಲ, ಹೂಂ ಅಂದೆ ಅಷ್ಟೇ. ಮೇಸ್ತ್ರಿಗೆ ಓಡುತ್ತದೆ, ನಂಬುತ್ತೇನೆ.

ಈಗ ಆ ಪ್ಲಗ್ ವೈರಿನ ಕಥೆಗೆ ಬರೋಣ. ಮೂರನೇದು ಕಿತ್ತಾಗ ಸದ್ದು ಯಾಕೆ ಕಡಿಮೆಯಾಯಿತು? ಕಿಡಿ ಇಲ್ಲದಿದ್ದರೆ ಆ ಸಿಲಿಂಡರಿನಿಂದ ಒತ್ತಡದ ಬಿಸಿ ಹೊಗೆ ಹೊರಗೆ ಬರುವುದಿಲ್ಲ, ಸೋರುವ ಜಾಗದಲ್ಲಿ ಟಫ್ ಅನ್ನಲು ಏನೂ ಇರುವುದಿಲ್ಲ. ಬೇರಿಂಗ್ ಹೋದರೂ ಹೀಗೇ ಆಗುತ್ತದೆ, ಮ್ಯಾನಿಫೋಲ್ಡ್ ಕೂರುವಲ್ಲಿ ಹೊಗೆ ಸೋರದಂತೆ ನಡುವೆ ಇಡುವ ಪ್ಯಾಕಿಂಗ್ ಹೋದರೂ ಹೀಗೇ ಆಗುತ್ತದೆ. ಒಂದಕ್ಕೆ 32,000, ಇನ್ನೊಂದಕ್ಕೆ ಇನ್ನೂರು ರೂಪಾಯಿಯ ಪ್ಯಾಕಿಂಗು. ಬಿಸಿಯಾದ ಮೇಲೆ ಸದ್ದು ಕಡಿಮೆಯಾಗುತ್ತಿದ್ದುದಕ್ಕೂ ಕಾರಣ ಇದೇ. ಕಬ್ಬಿಣ ಬಿಸಿಗೆ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತಿತ್ತು. ಘಾಟಿಯಲ್ಲಿ ಆಕ್ಸಿಲರೇಟರ್ ತುಳಿದಾಗ ಒತ್ತಡ ಜಾಸ್ತಿಯಾಗಿ ಮುಚ್ಚಿದ ಸಂದಿನಲ್ಲೂ ದಾರಿ ಮಾಡಿಕೊಳ್ಳುತ್ತಿತ್ತು. ಇಷ್ಟು ದಿನ ನನ್ನ ತಲೆ ತಿಂದ ಒಗಟು ಹತ್ತು ನಿಮಿಷದಲ್ಲಿ ಬಿಡಿಸಿಕೊಂಡಿತು, ನೋಡಿ.

ಮೊದಲು ಟ್ಯಾಪೆಟ್ ಮುಗಿಸೋಣ ಅಂತ ಇಂಜಿನ್ ಪೂರ್ತಿ ತಣ್ಣಗಾಗಲು ಮತ್ತೆ ಕಾದರು. ಈ ಇಂಜಿನ್ನಿನಲ್ಲಿ ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರ್ ಆರ್ಮಿಗೂ ನಡುವಿನ ಸಂದು, ತಾನಾಗಿ ಹೊಂದಿಕೊಳ್ಳುವುದಿಲ್ಲ. ಮೂರು ಸಿಲಿಂಡರಿಗೆ ಆರು ವಾಲ್ವು, ಒಂದೊಂದರ ರಾಕರ್ ಆರ್ಮ್ ತುದಿಯಲ್ಲೂ ಒಂದು ಸ್ಕ್ರೂ, ಒಂದು ಲಾಕ್ ನಟ್ಟು. ಓಡಿ ಓಡಿ ಸವೆದಂತೆ ಸಂದು ದೊಡ್ಡದಾಗುತ್ತದೆ, ಚಟ ಚಟ ಶುರುವಾಗುತ್ತದೆ. ಕವರ್ ತೆಗೆದು, ಇಂಜಿನ್ ಕೈಯಲ್ಲಿ ತಿರುಗಿಸಿ, ಒಂದೊಂದು ಸಿಲಿಂಡರನ್ನೂ ಎರಡು ವಾಲ್ವು ಮುಚ್ಚಿರುವ ಜಾಗಕ್ಕೆ ತಂದು ನಿಲ್ಲಿಸಿ ಸಂದು ಅಳೆಯುವ ತೆಳ್ಳನೆ ಎಲೆಗಳ ಫೀಲರ್ ಗೇಜ್ ಹಾಕಿದರು. 0.15 ಮಿಲಿಮೀಟರಿನ ಎಲೆ ಹಾಕಿದರೆ ಎರಡು ಕಡೆ ಸಡಿಲವಾಗಿ ಅಲ್ಲಾಡುತ್ತಿತ್ತು. ಒಂದು ಕಡೆ ಮಾತ್ರ ಎಲೆ ಒಳಗೇ ಹೋಗಲಿಲ್ಲ.

ಅದನ್ನು ನೋಡಿ ಮೇಸ್ತ್ರಿ ಒಂದು ನಿಮಿಷ ಸುಮ್ಮನಿದ್ದರು. "ಸದ್ದು ಮಾಡೋ ವಾಲ್ವಿಗೆ ನಾನು ಹೆದ್ರಲ್ಲ. ಈ ಮಾತಾಡ್ದೆ ಇರೋದಿದ್ಯಲ್ಲ, ಇದು ಸುಡತ್ತೆ." ಸಂದು ಇಲ್ಲದಿದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ತಾನು ಕೂರುವ ಬಳೆಗೆ (ಇದಕ್ಕೂ ಸೀಟು ಅಂತಲೇ ಹೆಸರು) ಅಂಟಿ ತನ್ನ ಬಿಸಿಯನ್ನು ಹೆಡ್ಡಿಗೆ, ಅಂದರೆ ಇಂಜಿನ್ನಿನ ಮೇಲ್ಭಾಗಕ್ಕೆ, ದಾಟಿಸಲು ಆಗುವುದಿಲ್ಲ, ಅಂಚು ಸುಟ್ಟು ಹೋಗುತ್ತದೆ. ಗ್ಯಾಸ್ ಕಿಟ್ ಹಾಕಿಸಿದ ಓಮ್ನಿಗಳಲ್ಲಿ ವಾಲ್ವ್ ಸೀಟು ಬೇಗ ಸವೆದು ವಾಲ್ವು ಮೇಲೆ ಸರಿದು ಹೀಗೆ ಬಿಗಿಯಾಗುವುದು ಜಾಸ್ತಿಯಂತೆ. ನನ್ನ ಗಾಡಿಗೆ ಮೊದಲಿನ ಮಾಲೀಕರು ಗ್ಯಾಸ್ ಹಾಕಿಸಿದ್ದರು. ಮೇಸ್ತ್ರಿ ಅದನ್ನು ಕೇಳದೆಯೇ ಹೇಳಿದರು. ಗಾಡಿಯ ಸೀಟಿನ ಹಿಂದೆ ಗ್ಯಾಸ್ ಸಿಲಿಂಡರ್ ಕೂರಿಸಿದ್ದ ಬೋಲ್ಟಿನ ತೂತು ನೋಡಿಕೊಂಡಿದ್ದರಂತೆ. ಸದ್ದಿನ ಹಿಂದೆ ಓಡಿ ಬಂದವನಿಗೆ ಸದ್ದೇ ಮಾಡದ ಒಂದು ತೊಂದರೆಯೂ ಸಿಕ್ಕಿತು. ಈ ಒಂದಕ್ಕೇ ನಾನು ಇವರಿಗೆ ಪೂರ್ತಿ ಮಾರ್ಕು ಕೊಡುತ್ತೇನೆ.

ಟ್ಯಾಪೆಟ್ ಸೆಟ್ ಮಾಡಿ ಕವರ್ ಹಾಕಿ ಸ್ಟಾರ್ಟ್ ಮಾಡಿದಾಗ ಚಟ ಚಟ ಹೋಗಿತ್ತು, ಟಫ್ ಟಫ್ ಬೆತ್ತಲಾಗಿ ನಿಂತಿತ್ತು.

ಮ್ಯಾನಿಫೋಲ್ಡ್ ಬಿಚ್ಚುವುದರಲ್ಲಿ ಆ ದಿನದ ಉಳಿದಿದ್ದೆಲ್ಲ ಹೋಯಿತು. ಮೂರನೇ ಸಿಲಿಂಡರಿನ ಬಾಯಿಯ ಪಕ್ಕ ಕಪ್ಪಗೆ ಮಸಿ, ದೀಪದ ಗೂಡಿಗೆ ಹಿಡಿದ ಹಾಗೆ. ಅಲ್ಲಿ ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿಯುವ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟು) ಮುರಿದು, ತುಂಡು ಹೆಡ್ಡಿನ ಒಳಗೇ ಉಳಿದಿತ್ತು. ಪ್ಯಾಕಿಂಗಿನ ಆ ಮೂಲೆ ಸುಟ್ಟು ತಿಂದು ಹೋಗಿತ್ತು. ಹೆಡ್ಡು ಅಲ್ಯೂಮಿನಿಯಂ. ಡ್ರಿಲ್ ಹಾಕಿದರೆ ಉಕ್ಕಿನ ತುಂಡು ಬಿಟ್ಟು ಪಕ್ಕದ ಮೆತ್ತನೆಯ ಅಲ್ಯೂಮಿನಿಯಂಗೆ ಜಾರುವುದೇ ಜಾಸ್ತಿ, ಹಾಗಾದರೆ ಹೆಡ್ ಇಳಿಸಬೇಕು, ಆಗ ನಿಜವಾದ ಖರ್ಚು ಶುರು. ಇವರು ಅವಸರ ಮಾಡಲಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟರು. ಮಾರನೇ ದಿನ ಮುರಿದ ತುಂಡಿನ ತಲೆ ಮೇಲೆ ಒಂದು ನಟ್ ಇಟ್ಟು ಅದರ ತೂತಿನ ಒಳಗಿನಿಂದ ವೆಲ್ಡಿಂಗ್ ಮಾಡಿಸಿ, ಆರುವ ಮೊದಲೇ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ, ಹಿಂದೆ ಮುಂದೆ. ನಾನು ಇದನ್ನು ನೋಡಲಿಲ್ಲ, ಹುಡುಗ ವಿಡಿಯೋ ಕಳಿಸಿದ್ದ. ಕೀರ್ ಅಂತ ತಿರುಗಿ ಹೊರಗೆ ಬಂದಾಗ ಹಿನ್ನೆಲೆಯಲ್ಲಿ ಯಾರೋ ಶಿಳ್ಳೆ ಹಾಕಿದ್ದಾರೆ.

ಸ್ಟಡ್ ಯಾಕೆ ಮುರಿಯಿತು? ಇದು ನನ್ನ ಘನಕಾರ್ಯ. ಮಳೆಗಾಲದಲ್ಲಿ ಒಂದು ಹೊಂಡಕ್ಕೆ ಬಿದ್ದು ಸೈಲೆನ್ಸರ್ ತೂಗು ಹಾಕುವ ರಬ್ಬರ್ ಎರಡೂ ಹರಿದಿದ್ದವು. ನಾನು ಕಟ್ಟುವ ತಂತಿಯಲ್ಲಿ ಬಿಗಿಯಾಗಿ ಸುತ್ತಿ, ಗಟ್ಟಿಯಾಯಿತು ಅಂತ ಬೀಗಿದ್ದೆ. ರಬ್ಬರ್ ಇರುವುದೇ ಇಂಜಿನ್ ಅಲುಗಾಡುವಾಗ ಪೈಪು ಜೊತೆಗೆ ಆಡಲಿ ಅಂತ. ತಂತಿಯಲ್ಲಿ ಬಿಗಿದರೆ ಆ ಎಳೆತವೆಲ್ಲ ಮ್ಯಾನಿಫೋಲ್ಡಿನ ಸ್ಟಡ್ ಮೇಲೆ. ಹದಿನೈದು ವರ್ಷ ಕಾದು ಆರಿ, ಕಾದು ಆರಿ ಬಳಲಿದ ಸ್ಟಡ್ಡು, ಎಷ್ಟು ದಿನ ತಡೆದೀತು? ಮೇಸ್ತ್ರಿ ಆ ತಂತಿಯನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟು "ಇದನ್ನ ಮನೇಲಿ ಇಟ್ಕೊಳ್ಳಿ, ಬೇಲಿಗೆ ಆಗತ್ತೆ" ಅಂದರು. ಮಳೆಗಾಲದ ಹೊಂಡ, ಮಳೆಗಾಲದ ಕೊನೆಯ ಸದ್ದು. ಎರಡನ್ನೂ ನಾನು ಜೋಡಿಸಿಯೇ ನೋಡಿರಲಿಲ್ಲ.

ಹೆಂಡತಿಯ ತಲೆನೋವಿನ ವಿಷಯ ಸ್ವಲ್ಪ ಹೇಳಬೇಕು. ಬೇರೆ ಕಾರಿನಲ್ಲಿ ಮ್ಯಾನಿಫೋಲ್ಡ್ ಸೋರಿದರೆ ಹೊಗೆ ಬಾನೆಟ್ ಕೆಳಗೆ ಹರಡಿ ಹೋಗುತ್ತದೆ. ಓಮ್ನಿಯಲ್ಲಿ ಅದರ ಮೇಲೆ ಇರುವುದು ಸೀಟು. ಇಂಜಿನ್ ಮುಚ್ಚಳದ ಸುತ್ತಲಿನ ರಬ್ಬರ್ ಪಟ್ಟಿ ನನ್ನ ಗಾಡಿಯಲ್ಲಿ ಎಂದೋ ಉದುರಿ ಹೋಗಿತ್ತು. ಪೆಟ್ರೋಲ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅವಳಿಗೆ ಬಂದಿದ್ದು ಉಳಿದ ಹೊಗೆಯ ವಾಸನೆ. ತಲೆನೋವು, ಮಂಪರು, ಹೊಟ್ಟೆ ತೊಳೆಸುವುದು ಇದರ ಲಕ್ಷಣಗಳೇ. ಚಳಿಗೆ ಅಂತ ಕಿಟಕಿ ಏರಿಸಿಕೊಂಡು ಮುಂಜಾನೆ ಐದಕ್ಕೆ ಆಗುಂಬೆ ಇಳಿಯುತ್ತಿದ್ದ ನಾವಿಬ್ಬರೂ ಏನಾಗಬಹುದಿತ್ತು ಅಂತ ಯೋಚಿಸಿದರೆ ಈಗಲೂ ಬೆವರುತ್ತದೆ. ಓಮ್ನಿ ಇರುವವರು ಟಕ್ ಟಕ್ ಕೇಳಿದರೆ ಇಂಜಿನ್ ಬಗ್ಗೆ ಆಮೇಲೆ ಯೋಚಿಸಿ, ಮೊದಲು ಕಿಟಕಿ ಇಳಿಸಿ. ಮೇಸ್ತ್ರಿ ಆ ಪಟ್ಟಿಯನ್ನೂ ಹಾಕಿಕೊಟ್ಟರು, ಅದಕ್ಕೆ ದುಡ್ಡು ಹಿಡಿಯಲಿಲ್ಲ. ಗುಜರಿ ಓಮ್ನಿಯದ್ದು ಬಿಚ್ಚಿಟ್ಟಿದ್ದರಂತೆ.

ಬಿಲ್ಲು. ಬಿಲ್ ಅಂದರೆ ಸ್ಪೇರ್ ಪಾರ್ಟ್ಸ್ ಅಂಗಡಿಯ ಚೀಟಿಯ ಹಿಂಭಾಗ. ಟ್ಯಾಪೆಟ್ ಕವರ್ ಪ್ಯಾಕಿಂಗ್ 160, ಮ್ಯಾನಿಫೋಲ್ಡ್ ಪ್ಯಾಕಿಂಗ್ 190, ಸ್ಟಡ್ ನಟ್ ಎಲ್ಲಾ ಹೊಸದು 220, ಸೈಲೆನ್ಸರ್ ರಬ್ಬರ್ ಎರಡು 130, ವೆಲ್ಡಿಂಗ್ 300, ಕೂಲಿ 1,500. ಒಟ್ಟು 2,500. ಇಷ್ಟೇನಾ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಹಾಗಂತ ಎಲ್ಲಾ ಚೆನ್ನ ಅಂತಲ್ಲ. ಒಂದು ದಿನದ ಕೆಲಸ ಅಂತ ಹೇಳಿ ನಾಲ್ಕು ದಿನ ಮಾಡಿದರು. ಮುರಿದ ಸ್ಟಡ್ ಅವರ ತಪ್ಪಲ್ಲ, ಒಪ್ಪುತ್ತೇನೆ, ಆದರೆ ಮೂರನೇ ದಿನ ಅಮಾವಾಸ್ಯೆ, ಪೂಜೆ ಮಾಡಿ ಬಾಗಿಲು ಹಾಕಿಕೊಂಡು ಹೋದರು. ನನಗೆ ಫೋನ್ ಮಾಡಿ ಹೇಳಲಿಲ್ಲ, ಬಸ್ಸಿನಲ್ಲಿ ಅರವತ್ತು ಕಿಲೋಮೀಟರ್ ಬಂದು ಬಾಗಿಲಿಗೆ ಕಟ್ಟಿದ್ದ ಕುಂಬಳಕಾಯಿ ನೋಡಿಕೊಂಡು ವಾಪಸ್ ಹೋದೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಹುಡುಗ ಎತ್ತುತ್ತಾನೆ, ಅವನಿಗೆ ಏನೂ ಗೊತ್ತಿರುವುದಿಲ್ಲ. ಕೂರಲು ಜಾಗ ಅಂದರೆ ಒಂದು ಹಳೇ ಟೈರು. ಎಷ್ಟಾಗುತ್ತೆ ಅಂತ ಮೊದಲೇ ಕೇಳಿದರೆ "ಬಿಚ್ಚದೆ ಹೆಂಗೆ ಹೇಳ್ಲಿ" ಅನ್ನುತ್ತಾರೆ. ಅದು ನ್ಯಾಯವೇ, ಆದರೆ ಕೈಯಲ್ಲಿ ಲೆಕ್ಕದ ದುಡ್ಡು ಇರುವವರಿಗೆ ಕಷ್ಟ. ಜಿಎಸ್‌ಟಿ ಬಿಲ್ ಬೇಕಾದವರು ಆ ಕಡೆ ಹೋಗಲೇಬೇಡಿ. ಜೊತೆಗೆ ಡ್ರೈವರ್ ಸೀಟಿನ ಕವರ್ ಮೇಲೆ ಐದು ಬೆರಳಿನ ಗ್ರೀಸ್ ಗುರುತು ಬಿಟ್ಟು ಕಳಿಸಿದ್ದಾರೆ, ಸೋಪು ಹಾಕಿ ತಿಕ್ಕಿದರೂ ಹೋಗಿಲ್ಲ.

ಇನ್ನೊಂದು. ಟ್ಯಾಪೆಟ್ ಸದ್ದು ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಿವಿಗೊಟ್ಟು ಕೇಳಿದರೆ ಸಣ್ಣಗೆ ಚಿಟಿ ಚಿಟಿ ಇದೆ. ಕೇಳಿದ್ದಕ್ಕೆ ಬೇಕಂತಲೇ ಬಿಟ್ಟಿದ್ದೇನೆ ಅಂದರು. ಸದ್ದೇ ಇರಬಾರದು ಅಂತ ಗಿರಾಕಿ ಹಠ ಹಿಡಿದಾಗ ಬಿಗಿ ಮಾಡಿ ಕಳಿಸುವವರು ಇದ್ದಾರಂತೆ, ಗಿರಾಕಿ ಖುಷಿ, ಆರು ತಿಂಗಳಿಗೆ ವಾಲ್ವು ಸುಟ್ಟಾಗ ಮತ್ತೆ ಕೆಲಸ. ನನಗೆ ಒಪ್ಪಿಗೆಯಾಯಿತು. ನಿಮಗೆ ಕಾರು ಮಗ್ಗುಲಲ್ಲಿ ಮಲಗಿದ ಮಗುವಿನ ಹಾಗೆ ಇರಬೇಕು ಅಂತಿದ್ದರೆ ಓಮ್ನಿಯೂ ಬೇಡ, ಈ ಗ್ಯಾರೇಜೂ ಬೇಡ.

ಇದೆಲ್ಲ ಆಗಿ ಎರಡು ತಿಂಗಳಾಯಿತು. ಐನೂರು ಕಿಲೋಮೀಟರ್ ಓಡಿಸಿ ಬನ್ನಿ, ಹೊಸ ಪ್ಯಾಕಿಂಗ್ ಕೂತ ಮೇಲೆ ನಟ್ ಇನ್ನೊಮ್ಮೆ ಬಿಗಿ ಮಾಡಬೇಕು ಅಂದಿದ್ದರು. ಹೋದೆ, ಹತ್ತು ನಿಮಿಷದಲ್ಲಿ ಮಾಡಿ ಕಳಿಸಿದರು, ದುಡ್ಡು ಬೇಡ ಅಂದರು. ಆ ದಪ್ಪ ಆಯಿಲ್ ತೆಗೆಸಿ ಮೊದಲಿನ ಗ್ರೇಡೇ ಹಾಕಿಸಿದೆ. ಅದರ ಡಬ್ಬಿ ಔಷಧಿಗೆ ಕೊಟ್ಟ ದುಡ್ಡು ತುಂಗೆಗೆ. ಹೋದ ವಾರ ಆಗುಂಬೆ ಹತ್ತಿಸಿದೆ, ತೆಂಗಿನಕಾಯಿ ಮೂಟೆ ಸಮೇತ. ಹೆಂಡತಿ ಸೋಮೇಶ್ವರದಲ್ಲಿ ನಿದ್ದೆ ಹೋದವಳು ಮೇಲೆ ಬಂದು ಚಹಾಕ್ಕೆ ನಿಲ್ಲಿಸಿದಾಗಲೇ ಎದ್ದಿದ್ದು, ತಲೆನೋವು ಇಲ್ಲ ಅಂದಳು.

ಹೋಗುವವರಿಗೆ: ಆಟೋ ಕಾಂಪ್ಲೆಕ್ಸ್ ಒಳಗೆ ಯಾರನ್ನಾದರೂ ಹಳೇ ಓಮ್ನಿ ಮೇಸ್ತ್ರಿ ಎಲ್ಲಿ ಅಂತ ಕೇಳಿ, ತೋರಿಸುತ್ತಾರೆ. ಸದ್ದಿನ ಕೆಲಸಕ್ಕಾದರೆ ಹಿಂದಿನ ದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ, ಬಿಸಿ ಇಂಜಿನ್ ಅವರು ಮುಟ್ಟುವುದಿಲ್ಲ. ಸದ್ದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ, ಅದು ಶುರುವಾಗುವ ಮೊದಲು ಗಾಡಿಗೆ ಏನಾಯಿತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸೀಟಿಗೆ ಹಳೇ ಬೆಡ್‌ಶೀಟ್ ಹೊದಿಸಿ. ಅಮಾವಾಸ್ಯೆ ನೋಡಿಕೊಳ್ಳಿ.